ಹಳೆಯ ಬೈಕಿನ ಮೈಲೇಜ್ ಕುಸಿದಾಗ: ಕಾರ್ಬೊರೇಟರ್ ಬಿಚ್ಚುವ ಮುನ್ನ ಮತ್ತು ಬಿಚ್ಚಿದ ಮೇಲೆ

2020ರ ಏಪ್ರಿಲ್‌ನಲ್ಲಿ ಬಿಎಸ್‌–6 ಎಂಬ ಹೊಗೆ ಮಾಲಿನ್ಯದ ನಿಯಮ ಜಾರಿಗೆ ಬಂದ ಮೇಲೆ ನಮ್ಮ ದೇಶದ ಹೊಸ ಬೈಕುಗಳಿಂದ ಕಾರ್ಬೊರೇಟರ್ (ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಎಂಜಿನಿಗೆ ಕಳಿಸುವ ಭಾಗ) ಬಹುಮಟ್ಟಿಗೆ ಮರೆಯಾಗಿ, ಆ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದರೆ ಅದಕ್ಕೂ ಮೊದಲು ಮಾರಾಟವಾದ ಸ್ಪ್ಲೆಂಡರ್, ಪ್ಯಾಷನ್, ಪಲ್ಸರ್, ಡಿಸ್ಕವರ್‌ಗಳು ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಯ ಮಕ್ಕಳನ್ನು ಹೊತ್ತು ಊರೂರುಗಳಲ್ಲಿ ಇನ್ನೂ ಓಡುತ್ತಲೇ ಇವೆ. ಇವುಗಳ ಮಾಲೀಕರ ಸಾಮಾನ್ಯ ದೂರು ಒಂದೇ: ಮೊದಲು ಕೊಡುತ್ತಿದ್ದ ಮೈಲೇಜನ್ನು ಬೈಕು ಈಗ ಕೊಡುತ್ತಿಲ್ಲ. 1994ರಲ್ಲಿ ಮಾರುಕಟ್ಟೆಗೆ ಬಂದ 97.2 ಸಿಸಿಯ ಸ್ಪ್ಲೆಂಡರ್ ಎಂಜಿನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆಯಾದರೂ, ಸ್ಲೈಡ್ (ಎಕ್ಸಲರೇಟರ್ ತಿರುಗಿಸಿದಂತೆ ಮೇಲೇರಿ ಗಾಳಿಯ ದಾರಿ ತೆರೆಯುವ ಭಾಗ) ಮಾದರಿಯ ಕಾರ್ಬೊರೇಟರ್ ಇರುವ ಯಾವುದೇ ನಾಲ್ಕು ಸ್ಟ್ರೋಕಿನ ಬೈಕಿಗೆ ಇದರ ಬಹುಭಾಗ ಅನ್ವಯಿಸುತ್ತದೆ.

ಮೈಲೇಜ್ ಕಡಿಮೆಯಾಯಿತೆಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ಅಭಿಪ್ರಾಯದಲ್ಲಿ ಇದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ಆ ಸ್ಕ್ರೂ ನಿಯಂತ್ರಿಸುವುದು ಬೈಕು ಐಡ್ಲಿಂಗ್‌ನಲ್ಲಿ ನಿಂತಿರುವಾಗ ಮತ್ತು ಎಕ್ಸಲರೇಟರ್ ಸ್ವಲ್ಪವೇ ತೆರೆದಿರುವಾಗ ಹೋಗುವ ಪೆಟ್ರೋಲನ್ನು ಮಾತ್ರ. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವಾಗ ಪೆಟ್ರೋಲಿನ ಬಹುಪಾಲು ಬರುವುದು ಸ್ಲೈಡಿಗೆ ತೂಗುಬಿದ್ದಿರುವ ಸೂಜಿ ಮತ್ತು ಅದರ ಸುತ್ತಲಿನ, ಪೆಟ್ರೋಲ್ ಹಾಯುವ ಕಿರುತೂತಿನ ನೀಡಲ್ ಜೆಟ್‌ನ ನಡುವಿನ ಸಂದಿನಿಂದ. ಹಾಗಾಗಿ ಸ್ಕ್ರೂ ಎಷ್ಟು ತಿರುಗಿಸಿದರೂ ಓಟದ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಬದಲಿಗೆ ಪಿಕಪ್ ಹಾಳಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಬೈಕು ಸತಾಯಿಸುತ್ತದೆ.

ಮೊದಲು ಸರಿಯಾಗಿ ಅಳೆಯಿರಿ

ದೋಷ ಹುಡುಕುವ ಮುನ್ನ ದೋಷವಿದೆಯೇ ಎಂಬುದು ಖಚಿತವಾಗಬೇಕು. ರಿಸರ್ವ್‌ಗೆ ಬಂದಾಗ ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ, ಮತ್ತೆ ರಿಸರ್ವ್ ಬರುವವರೆಗೆ ಲೆಕ್ಕ ಹಾಕುವ ಪದ್ಧತಿಯನ್ನು ನಂಬಬೇಡಿ; ಬೈಕು ಉಬ್ಬಿನಲ್ಲಿದೆಯೋ ಇಳಿಜಾರಿನಲ್ಲಿದೆಯೋ ಎಂಬುದರ ಮೇಲೆ ರಿಸರ್ವ್ ಬರುವ ಕ್ಷಣ ಬದಲಾಗುತ್ತದೆ. ಬೈಕನ್ನು ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಟ್ಯಾಂಕಿನೊಳಗೆ ಒಂದು ಗುರುತಿನವರೆಗೆ ಪೆಟ್ರೋಲ್ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಕನಿಷ್ಠ 150 ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನಲ್ಲಿ, ಅದೇ ರೀತಿ ನಿಲ್ಲಿಸಿ, ಅದೇ ಗುರುತಿನವರೆಗೆ ತುಂಬಿಸಿ. ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೀಟರ್ ಕೇಬಲ್ ಸವೆದು ದೂರವನ್ನೇ ಕಡಿಮೆ ತೋರಿಸುತ್ತಿರಬಹುದು. ಆದ್ದರಿಂದ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಂದಿಗೆ ಹತ್ತು ಕಿ.ಮೀ. ಹೋಲಿಸಿ ನೋಡುವುದು ಒಳ್ಳೆಯದು. ಗ್ಯಾರೇಜುಗಳಲ್ಲಿ 100 ಮಿಲಿಲೀಟರಿನ ಬಾಟಲಿಯನ್ನು ಹ್ಯಾಂಡಲ್‌ಗೆ ಕಟ್ಟಿ ಮೈಲೇಜ್ ತೋರಿಸುವ ಕ್ರಮವೂ ಇದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅಳತೆಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಮೇಲಾಗಿ ಬಿಸಿ ಎಂಜಿನಿನ ಹತ್ತಿರ ತೂಗಾಡುವ ಪೆಟ್ರೋಲ್ ಬಾಟಲಿ ಅಪಾಯಕಾರಿ.

ಈ ಲೆಕ್ಕದಲ್ಲಿ ಇಂದಿನ ಪೆಟ್ರೋಲನ್ನೂ ಸೇರಿಸಿಕೊಳ್ಳಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೆಯ ಮಾದರಿಯ ದ್ವಿಚಕ್ರ ವಾಹನಗಳಲ್ಲಿ ಇದರಿಂದ ಶೇ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಂದರೆ 60 ಕೊಡುತ್ತಿದ್ದ ಬೈಕು 58ಕ್ಕೆ ಇಳಿದಿದ್ದರೆ ಅದನ್ನು ರೋಗವೆಂದು ತಿಳಿಯಬೇಕಾಗಿಲ್ಲ. 45ಕ್ಕೆ ಇಳಿದಿದ್ದರೆ ಮಾತ್ರ ಎಲ್ಲೋ ದೋಷವಿದೆ.

ಕಾರ್ಬೊರೇಟರಿನ ಹೊರಗಿನ ಕಾರಣಗಳು

ಟೈರಿನಿಂದ ಆರಂಭಿಸಿ. ಸ್ಪ್ಲೆಂಡರ್ ಪ್ಲಸ್‌ಗೆ ಮುಂದಿನ ಚಕ್ರಕ್ಕೆ 25 ಪಿಎಸ್‌ಐ, ಹಿಂದಿನದಕ್ಕೆ ಒಬ್ಬರೇ ಓಡಿಸುವಾಗ 28, ಹಿಂಬದಿ ಸವಾರರಿದ್ದರೆ 40 ಪಿಎಸ್‌ಐ ಗಾಳಿ ಇರಬೇಕು. ಬೇರೆ ಬೈಕಾದರೆ ಅದರ ಕೈಪಿಡಿಯನ್ನು ನೋಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ. ಅದು ಸಲೀಸಾಗಿ ಕೆಲವು ಸುತ್ತು ಸುತ್ತದೆ ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಬ್ರೇಕ್ ರಾಡಿನ ನಟ್ ವಿಪರೀತ ಬಿಗಿಯಾಗಿರುವುದು, ಡ್ರಮ್ಮಿನೊಳಗಿನ ಬ್ರೇಕ್ ಕ್ಯಾಮ್ ತುಕ್ಕು ಹಿಡಿದು ವಾಪಸ್ ಬಾರದಿರುವುದು ಇದಕ್ಕೆ ಸಾಮಾನ್ಯ ಕಾರಣ. ಮಳೆಗಾಲ ಕಳೆದ ಮೇಲೆ ಮಲೆನಾಡಿನ ಬೈಕುಗಳಲ್ಲಿ ಇದನ್ನು ಖಂಡಿತವಾಗಿ ಪರೀಕ್ಷಿಸಬೇಕು. ಮುಂದಿನ ಚಕ್ರಕ್ಕೂ ಇದೇ ಪರೀಕ್ಷೆ. ಚೈನಿನ ಸಡಿಲ ನಡುಭಾಗದಲ್ಲಿ ಸುಮಾರು 25 ಮಿಲಿಮೀಟರ್ ಇರಲಿ. ಒಣಗಿ ಬಿಗಿಯಾದ ಚೈನು ಎಂಜಿನಿನ ಶಕ್ತಿಯನ್ನು ಸುಮ್ಮನೆ ತಿಂದುಹಾಕುತ್ತದೆ.

ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ಟಾಪ್ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಿರುವಾಗ ಎಕ್ಸಲರೇಟರನ್ನು ಒಮ್ಮೆಲೇ ತೆರೆಯಿರಿ. ಎಂಜಿನಿನ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟುಗಳು ಸವೆದಿವೆ, ಇಲ್ಲವೇ ಕ್ಲಚ್ ಕೇಬಲಿನಲ್ಲಿ ಸಡಿಲವೇ ಇಲ್ಲ. ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲವಿರುವಂತೆ ಕೇಬಲ್ ಹೊಂದಿಸಿ ಮತ್ತೊಮ್ಮೆ ಪರೀಕ್ಷಿಸಿ.

ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಡುವ ಸಂದಿನ ಹೊಂದಾಣಿಕೆ) ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಜಿನಿನಿಂದ ಟಕಟಕ ಸದ್ದು ಬರುತ್ತದೆಂದು ಅನೇಕರು ಟ್ಯಾಪೆಟ್ಟನ್ನು ಸದ್ದೇ ಬಾರದಷ್ಟು ಬಿಗಿ ಮಾಡಿಸುತ್ತಾರೆ. ಸದ್ದು ನಿಂತಿತೆಂದು ಸವಾರರಿಗೆ ಸಮಾಧಾನವಾಗುತ್ತದೆ; ಒಳಗೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ, ಮೈಲೇಜ್ ಇಳಿದು, ಕ್ರಮೇಣ ವಾಲ್ವೇ ಸುಟ್ಟುಹೋಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕೈಪಿಡಿಯಲ್ಲಿ ಹೇಳಿರುವ ಅಳತೆಗೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಇಟ್ಟೇ ಟ್ಯಾಪೆಟ್ ಹೊಂದಿಸಬೇಕು. ಕೈಪಿಡಿಯ ಅಳತೆಗೆ ಇಟ್ಟ ಟ್ಯಾಪೆಟ್ ಸ್ವಲ್ಪ ಸದ್ದು ಮಾಡಿದರೆ ಗಾಬರಿಪಡಬೇಕಿಲ್ಲ.

ಪ್ಲಗ್, ಏರ್ ಫಿಲ್ಟರ್ ಮತ್ತು ಚೋಕ್

ಈಗ ಎಂಜಿನಿನ ಹತ್ತಿರಕ್ಕೆ ಬರೋಣ. ಎಂದಿನಂತೆ ಒಂದಷ್ಟು ದೂರ ಓಡಿಸಿ, ರಸ್ತೆಬದಿಯಲ್ಲಿ ಐಡ್ಲಿಂಗ್‌ಗೆ ಬಿಡದೆ ಕೂಡಲೇ ಎಂಜಿನ್ ಆಫ್ ಮಾಡಿ, ಸ್ವಲ್ಪ ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಮೂತಿಯೊಳಗಿನ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಸರಿಯಾಗಿದೆ. ಬೆರಳಿಗೆ ಅಂಟುವ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಬಿಳಿಚಿಕೊಂಡು ಸುಣ್ಣ ಬಳಿದಂತಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತಿದೆ. ಜಿಡ್ಡು ಜಿಡ್ಡಾದ ಹಸಿ ಕಪ್ಪಾದರೆ ಉರಿಯುತ್ತಿರುವುದು ಎಂಜಿನ್ ಆಯಿಲ್. ಸೈಲೆನ್ಸರಿನಿಂದ ನೀಲಿ ಹೊಗೆಯೂ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಕಾರ್ಬೊರೇಟರ್ ಏನು ಮಾಡಿದರೂ ಪ್ರಯೋಜನವಿಲ್ಲ.

ಇದರ ಜೊತೆಗೆ ನೋಡಬೇಕಾದ ಇನ್ನೊಂದು ದಾಖಲೆ ಬಹುತೇಕ ಎಲ್ಲರ ಬಳಿಯೂ ಇದ್ದು, ಯಾರೂ ಓದದೆ ಇಡುವಂಥದ್ದು: ಎಮಿಷನ್ ಟೆಸ್ಟಿನ ಚೀಟಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡಿನ ಶೇಕಡಾ ಪ್ರಮಾಣ ನಮೂದಾಗಿರುತ್ತದೆ. 2000ದ ಮಾರ್ಚ್ ನಂತರ ತಯಾರಾದ, ಬಿಎಸ್‌–4ಕ್ಕಿಂತ ಹಿಂದಿನ ಬೈಕುಗಳಿಗೆ ಇದರ ಮಿತಿ ಶೇ 3.5. ನಿಮ್ಮ ಬೈಕಿನ ಅಂಕಿ ಮಿತಿಯ ಅಂಚಿನಲ್ಲಿದ್ದರೆ ಅಥವಾ ಮೀರಿದ್ದರೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನಳಿಗೆಯನ್ನು ಸೈಲೆನ್ಸರಿನೊಳಗಿಟ್ಟು ನಿಜವಾಗಿ ಪರೀಕ್ಷೆ ಮಾಡಿಸಿಕೊಂಡ ಚೀಟಿಯಾಗಿರಬೇಕು ಎಂಬುದು ಮಾತ್ರ ಮುಖ್ಯ.

ಕಪ್ಪು ಪ್ಲಗ್ ಕಂಡರೆ ಮೊದಲ ಅನುಮಾನ ಏರ್ ಫಿಲ್ಟರಿನ ಮೇಲಿರಲಿ. ಫೋಮ್ ಫಿಲ್ಟರಾದರೆ ಸೀಮೆಎಣ್ಣೆಯಲ್ಲಿ ಅಥವಾ ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ಕೆಲವು ಹನಿ ಎಂಜಿನ್ ಆಯಿಲ್ ಹಚ್ಚಿ ಹೆಚ್ಚಾದದ್ದನ್ನು ಹಿಂಡಿ ತೆಗೆಯಬೇಕು. ಎಣ್ಣೆ ಲೇಪಿಸಿದ ಪೇಪರ್ ಫಿಲ್ಟರನ್ನು ತೊಳೆಯಲೂ ಬಾರದು, ಗಾಳಿ ಹೊಡೆಯಲೂ ಬಾರದು, ಬದಲಾಯಿಸಬೇಕು, ಅಷ್ಟೇ. ಬಯಲುಸೀಮೆಯ ದೂಳಿನ ರಸ್ತೆಗಳಲ್ಲಿ ಓಡುವ ಬೈಕಿಗೆ ಕೈಪಿಡಿ ಹೇಳುವ ಅವಧಿಗಿಂತ ಬೇಗನೆ ಬದಲಾಯಿಸುವುದೇ ಸರಿ. ಫಿಲ್ಟರನ್ನು ತೆಗೆದುಹಾಕಿ ಓಡಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತನ್ನು ದಯವಿಟ್ಟು ಕೇಳಬೇಡಿ. ಒಳಹೋಗುವ ದೂಳು ಸಿಲಿಂಡರ್ ಬೋರನ್ನೇ ತೇಯ್ದುಬಿಡುತ್ತದೆ.

ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿದೆಯೇ ಎಂದೂ ನೋಡಿ. ಚಳಿಗಾಲದ ಬೆಳಿಗ್ಗೆ ಎಳೆದ ಚೋಕ್ ಅರ್ಧಕ್ಕೇ ಸಿಕ್ಕಿಕೊಂಡರೆ ಬೈಕು ಇಡೀ ದಿನ ಪೆಟ್ರೋಲ್ ಕುಡಿಯುತ್ತಿರುತ್ತದೆ.

ಲಕ್ಷಣದಿಂದ ಭಾಗವನ್ನು ಗುರುತಿಸುವುದು

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದಿದ್ದರೆ ಆಗ ಕಾರ್ಬೊರೇಟರಿನ ಸರದಿ. ತೊಂದರೆ ಎಕ್ಸಲರೇಟರಿನ ಯಾವ ಹಂತದಲ್ಲಿ ಕಾಣಿಸುತ್ತದೆ ಎಂಬುದನ್ನು ಗಮನಿಸಿದರೆ ದೋಷ ಯಾವ ಭಾಗದಲ್ಲಿದೆ ಎಂಬುದು ಬಿಚ್ಚುವ ಮೊದಲೇ ತಿಳಿಯುತ್ತದೆ. ಇದಕ್ಕಾಗಿ ಎಕ್ಸಲರೇಟರ್ ಹಿಡಿಯ ಮೇಲೆ ಮತ್ತು ಅದರ ಪಕ್ಕದ ಭಾಗದ ಮೇಲೆ ಟೇಪಿನ ಚೂರು ಅಂಟಿಸಿ, ಮುಚ್ಚಿದ ಸ್ಥಿತಿ, ಕಾಲು, ಅರ್ಧ, ಮುಕ್ಕಾಲು ಮತ್ತು ಪೂರ್ತಿ ತೆರೆದ ಸ್ಥಿತಿಗಳನ್ನು ಪೆನ್ನಿನಿಂದ ಗುರುತಿಸಿಕೊಳ್ಳಿ. ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡುತ್ತವೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಗಿನ ಓರೆ ಕೊರೆತದ ಪ್ರಭಾವ ಹೆಚ್ಚು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ನೀಡಲ್ ಜೆಟ್. ಮುಕ್ಕಾಲಿನಿಂದಾಚೆಗೆ ಮೇನ್ ಜೆಟ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗುತ್ತಿದ್ದರೂ ಓಟದಲ್ಲಿ ಚೆನ್ನಾಗಿದ್ದರೆ ಪೈಲಟ್ ಜೆಟ್ ಕಟ್ಟಿದೆ. ಐಡ್ಲಿಂಗ್ ಸರಿಯಿದ್ದು ಸಾಧಾರಣ ವೇಗದಲ್ಲಿ ಮೈಲೇಜ್ ಇಲ್ಲವೆಂದರೆ ಸೂಜಿ ಮತ್ತು ನೀಡಲ್ ಜೆಟ್ ಸವೆದಿರುವ ಸಾಧ್ಯತೆ ಹೆಚ್ಚು. ನಿತ್ಯದ ಓಡಾಟವೆಲ್ಲ ನಡೆಯುವುದು ಈ ಹಂತದಲ್ಲೇ ಆದ್ದರಿಂದ ಹಳೆಯ ಬೈಕಿನ ಮೈಲೇಜ್ ನುಂಗುವ ನಿಜವಾದ ಕಳ್ಳ ಬಹಳ ಸಲ ಈ ಜೋಡಿಯೇ ಆಗಿರುತ್ತದೆ.

ಎಕ್ಸಲರೇಟರ್ ಬಿಟ್ಟ ಮೇಲೂ ಐಡ್ಲಿಂಗ್ ಬೇಗ ಇಳಿಯದೆ ಏರಿಯೇ ಇರುವುದು ಬೇರೆಯ ಲಕ್ಷಣ. ಕೇಬಲ್ ಸಿಕ್ಕಿಕೊಂಡಿಲ್ಲವಾದರೆ, ಕಾರ್ಬೊರೇಟರ್ ಮತ್ತು ಎಂಜಿನಿನ ನಡುವಿನ ಜೋಡಣೆಯಲ್ಲಿ ಓ–ರಿಂಗ್ ಗಟ್ಟಿಯಾಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತಿದೆ. ಐಡ್ಲಿಂಗ್‌ನಲ್ಲಿರುವಾಗ ಆ ಜೋಡಣೆಯ ಸುತ್ತ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ; ಎಂಜಿನಿನ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲ್ ಚಿಮುಕಿಸಿ ಮಾಡುತ್ತಾರೆ. ಬಿಸಿ ಎಂಜಿನಿನ ಮೇಲೆ ಹಾಗೆ ಮಾಡುವುದು ಬೆಂಕಿಯನ್ನು ಕರೆದಂತೆ.

ಬಿಚ್ಚಿ ಶುಚಿಗೊಳಿಸುವ ಕ್ರಮ

ಗಾಳಿಯಾಡುವ ಜಾಗದಲ್ಲಿ, ಒಲೆ, ದೀಪ, ಬೀಡಿ ಹತ್ತಿರವಿಲ್ಲದಂತೆ, ಎಂಜಿನ್ ತಣ್ಣಗಿರುವಾಗ ಕೆಲಸ ಆರಂಭಿಸಿ. ಪೆಟ್ರೋಲ್ ಕಾಕ್ ಆಫ್ ಮಾಡಿ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವ ಪೆಟ್ರೋಲನ್ನು ಪಾರದರ್ಶಕ ಗಾಜಿನ ಶೀಶೆಗೆ ಹಿಡಿಯಿರಿ. ಇದನ್ನು ಚೆಲ್ಲುವ ಮುನ್ನ ಬೆಳಕಿಗೆ ಹಿಡಿದು ಒಂದೆರಡು ನಿಮಿಷ ನೋಡಬೇಕು. ತಳದಲ್ಲಿ ಗುಳ್ಳೆಗಳಂತೆ ಬೇರೆಯಾಗಿ ಉರುಳಾಡುವುದು ನೀರು. ಕೆಂಪು ಪುಡಿ ಕಂಡರೆ ಟ್ಯಾಂಕಿನ ಒಳಭಾಗ ತುಕ್ಕು ಹಿಡಿದಿದೆ. ಹಾಗಿದ್ದಲ್ಲಿ ಟ್ಯಾಂಕ್ ತೊಳೆಸಿ, ಕಾಕಿನ ಜಾಲರಿ ಶುಚಿಗೊಳಿಸದೆ ಕಾರ್ಬೊರೇಟರನ್ನಷ್ಟೇ ತೊಳೆದರೆ ಒಂದೇ ವಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.

ಎಂಜಿನಿಗೆ ಹಿಡಿದಿರುವ ಎರಡು ಬೋಲ್ಟ್ ಮತ್ತು ಏರ್ ಫಿಲ್ಟರ್ ಕಡೆಯ ಕ್ಲಿಪ್ ಸಡಿಲಿಸಿ, ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡನ್ನು ಸೂಜಿಯ ಸಮೇತ ಹೊರತೆಗೆಯಿರಿ. ಸೂಜಿಯ ತಲೆಯಲ್ಲಿ ಹಲವು ಗೀರುಗಳಿದ್ದು, ಅವುಗಳಲ್ಲೊಂದರಲ್ಲಿ ಕ್ಲಿಪ್ ಕೂತಿರುತ್ತದೆ. ಎಷ್ಟನೆಯ ಗೀರು ಎಂಬುದನ್ನು ಬರೆದುಕೊಳ್ಳದೆ ಕ್ಲಿಪ್ ಮುಟ್ಟಬೇಡಿ. ಕ್ಲಿಪ್ ಮೇಲಿನ ಗೀರಿಗೆ ಹೋದಷ್ಟೂ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ, ಕೆಳಗಿನ ಗೀರಿಗೆ ಬಂದಷ್ಟೂ ಹೆಚ್ಚಾಗುತ್ತದೆ. ಕೆಲವು ಮಾದರಿಗಳಲ್ಲಿ ಒಂದೇ ಗೀರು ಇರುವುದರಿಂದ ಅಲ್ಲಿ ಈ ಹೊಂದಾಣಿಕೆಗೆ ಅವಕಾಶವಿಲ್ಲ.

ಬಟ್ಟಲಿನ ಸ್ಕ್ರೂಗಳ ತಲೆ ಮೆತ್ತಗಿರುವುದರಿಂದ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯುವ ತೇಲುವ ಭಾಗವಾದ ಫ್ಲೋಟಿನ ಪಿನ್ ಎಳೆದು ಫ್ಲೋಟ್ ಮತ್ತು ಅದರ ಕೆಳಗಿನ ಪುಟ್ಟ ವಾಲ್ವ್ ತೆಗೆಯಿರಿ. ಆ ವಾಲ್ವಿನ ರಬ್ಬರ್ ತುದಿಯ ಸುತ್ತ ಬಳೆಯಂಥ ಸವೆತದ ಗುರುತು ಕಂಡರೆ ಹೊಸದು ಹಾಕಲೇಬೇಕು. ಅದು ಸರಿಯಾಗಿ ಮುಚ್ಚದೆ ಬಟ್ಟಲಿನ ಮಟ್ಟ ಏರಿ, ಎಲ್ಲ ಹಂತಗಳಲ್ಲೂ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ತುಳುಕುವ ಸದ್ದು ಬಂದರೆ ಅದು ತೂತಾಗಿದೆ.

ಪೈಲಟ್ ಜೆಟ್ ಮತ್ತು ಮೇನ್ ಜೆಟ್ ಬಿಚ್ಚಿ ಒಂದೊಂದಾಗಿ ಕಣ್ಣಿನ ಹತ್ತಿರ ತಂದು ಬೆಳಕಿಗೆ ಹಿಡಿಯಿರಿ. ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು. ಶುದ್ಧವಾಗಿದ್ದರೆ ಅಂಚು ಚೂಪಾದ ದುಂಡನೆಯ ಬೆಳಕಿನ ಚುಕ್ಕೆ ಕಾಣುತ್ತದೆ, ಕಟ್ಟಿಕೊಂಡಿದ್ದರೆ ಅದೇ ಚುಕ್ಕೆ ಚಂದ್ರನ ಕಲೆಯಂತೆ ಅರ್ಧವಾಗಿಯೋ ಮಸುಕಾಗಿಯೋ ಕಾಣುತ್ತದೆ. ಪಿನ್ನು, ತಂತಿ, ಬ್ಲೇಡು ತೂರಿಸಿ ಶುಚಿಗೊಳಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ಹಿಗ್ಗಿದ ತೂತು ಮತ್ತೆ ಕುಗ್ಗುವುದಿಲ್ಲ. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕಂಪ್ರೆಸರ್ ಗಾಳಿ ಹಾಯಿಸಿ. ದೇಹಭಾಗದಲ್ಲಿರುವ ಸಣ್ಣ ದಾರಿಗಳಿಗೂ ಇದೇ ಉಪಚಾರ. ಆದರೆ ಗಾಳಿ ಹೊಡೆಯುವ ಮೊದಲು ರಬ್ಬರಿನ ಭಾಗಗಳನ್ನೆಲ್ಲ ಪಕ್ಕಕ್ಕಿಡಬೇಕು. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುನ್ನ ಅದನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಆಯಿತೆಂದು ಬರೆದಿಡಿ. ಬಿಗಿಯಾಗಿ ಒತ್ತಿದರೆ ಅದರ ತುದಿ ಮುರಿದು ದಾರಿಯಲ್ಲೇ ಸಿಕ್ಕಿಬೀಳಬಹುದು.

ಸೂಜಿಯನ್ನು ಉಗುರಿನಿಂದ ಸವರಿ ನೋಡಿ. ಅದರ ಮೈಯ ಮೇಲೆ ಮೆಟ್ಟಿಲಿನಂಥ ಸವೆತ ಸಿಕ್ಕರೆ, ಅಥವಾ ನೀಡಲ್ ಜೆಟ್ಟಿನ ದುಂಡು ಬಾಯಿ ಮೊಟ್ಟೆಯಾಕಾರ ತಳೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಒಂದನ್ನು ಮಾತ್ರ ಬದಲಾಯಿಸುವುದು ಹಣ ದಂಡ. ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಅಗ್ಗದ ಕಿಟ್‌ಗಳ ಜೆಟ್ಟುಗಳ ಮೇಲೆ ಸರಿಯಾದ ಸಂಖ್ಯೆ ಇದ್ದರೂ ತೂತಿನ ಅಳತೆ ಹಾಗೇ ಇರುತ್ತದೆಂಬ ಭರವಸೆಯಿಲ್ಲ. ಮೂಲ ಜೆಟ್ ಕೆಡದಿದ್ದರೆ ಅದನ್ನೇ ಶುಚಿಗೊಳಿಸಿ ಹಾಕುವುದು ಮೇಲು. ಕಿಟ್ಟಿನಿಂದ ಗ್ಯಾಸ್ಕೆಟ್, ಓ–ರಿಂಗ್‌ಗಳನ್ನಷ್ಟೇ ಬಳಸಿ.

ಜೋಡಿಸುವಾಗ ಸ್ಲೈಡಿನ ಉದ್ದ ಗೀರು ಒಳಗಿನ ಪಿನ್ನಿಗೆ ಕೂರಬೇಕು, ಓರೆ ಕೊರೆತ ಏರ್ ಫಿಲ್ಟರಿನ ಕಡೆಗಿರಬೇಕು. ತಿರುವುಮುರುವಾಗಿ ಕೂತರೆ ಕಿಕ್ ಹೊಡೆದ ಕೂಡಲೇ ಎಂಜಿನ್ ವಿಪರೀತ ವೇಗಕ್ಕೆ ಏರಬಹುದು. ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲು ಎಕ್ಸಲರೇಟರ್ ಬಿಟ್ಟಾಗ ಸ್ಲೈಡ್ ಟಕ್ಕೆಂದು ಕೆಳಗೆ ಬೀಳುವ ಸದ್ದನ್ನು ಕೇಳಿಸಿಕೊಳ್ಳಿ. ಆಮೇಲೆ ಡ್ರೈನ್ ನಳಿಗೆಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಬಟ್ಟಲಿನ ಪಕ್ಕದಲ್ಲಿ ಮೇಲ್ಮುಖವಾಗಿ ಹಿಡಿದು, ಕಾಕ್ ತೆರೆದು ಡ್ರೈನ್ ಸ್ಕ್ರೂ ಸಡಿಲಿಸಿದರೆ ಒಳಗಿನ ಪೆಟ್ರೋಲ್ ಮಟ್ಟ ಪೈಪಿನಲ್ಲಿ ಕಾಣುತ್ತದೆ. ಅದು ಬಟ್ಟಲಿನ ಅಂಚನ್ನು ಮೀರಿ ಏರುತ್ತಲೇ ಹೋದರೆ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ.

ಈ ವಾಲ್ವ್ ಸೋರುತ್ತಿದ್ದು, ಕಾಕನ್ನೂ ಆಫ್ ಮಾಡದೆ ರಾತ್ರಿಯಿಡೀ ಬಿಟ್ಟರೆ ಪೆಟ್ರೋಲ್ ಎಂಜಿನಿನೊಳಗಿಳಿದು ಆಯಿಲ್ ಜೊತೆ ಬೆರೆಯುವುದುಂಟು. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಬೈಕನ್ನು ಸ್ಟಾರ್ಟ್ ಮಾಡದೆ ಆಯಿಲ್ ಬದಲಾಯಿಸಬೇಕು. ತೆಳುವಾದ ಆಯಿಲ್‌ನಲ್ಲಿ ಓಡಿದ ಎಂಜಿನ್ ಬೇಗ ಸವೆಯುತ್ತದೆ.

ಕೊನೆಯಲ್ಲಿ ಸ್ಕ್ರೂ

ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ, ಬಯಲಿನಲ್ಲಿ ನಿಲ್ಲಿಸಿ ಈ ಕೆಲಸ ಮಾಡಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಸಂಚಕಾರ. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಎಂಜಿನಿನ ಕಡೆಗಿದ್ದರೆ ಹೊರಗೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಬರೆದಿಟ್ಟ ಸುತ್ತಿಗೆ, ಅದು ಗೊತ್ತಿಲ್ಲದಿದ್ದರೆ ಒಂದೂವರೆ ಸುತ್ತಿಗೆ ಇಟ್ಟು ಆರಂಭಿಸಿ, ಕಾಲು ಕಾಲು ಸುತ್ತು ತಿರುಗಿಸುತ್ತ ಎಂಜಿನಿನ ವೇಗ ಅತಿ ಹೆಚ್ಚಾಗುವ ಸ್ಥಾನ ಹುಡುಕಿ. ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿಗೆ ಇಳಿಸಿ, ಇನ್ನೊಮ್ಮೆ ಹುಡುಕಿ. ಸಾಧ್ಯವಾದರೆ ಇದನ್ನು ಎಮಿಷನ್ ಕೇಂದ್ರದಲ್ಲಿ ಅಂಕಿ ನೋಡುತ್ತಲೇ ಮಾಡಿಸಿ.

ಮೈಲೇಜಿನ ಆಸೆಗೆ ಇದಕ್ಕಿಂತ ಕಡಿಮೆ ಪೆಟ್ರೋಲಿಗೆ ಎಳೆಯಬಾರದು, ಮೇನ್ ಜೆಟ್ಟನ್ನು ಚಿಕ್ಕದು ಮಾಡಿಸಲೂಬಾರದು. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾಗುವುದರಿಂದ, ಇ20 ಹಾಕಿದಾಗ ಹಳೆಯ ಜೆಟ್ಟಿನ ಬೈಕು ತಾನಾಗಿಯೇ ಸ್ವಲ್ಪ ಬಡಕಲು (ಪೆಟ್ರೋಲಿನ ಪಾಲು ಕಡಿಮೆಯಿರುವ) ಮಿಶ್ರಣದಲ್ಲಿ ಓಡುತ್ತಿರುತ್ತದೆ. ಇನ್ನೂ ಕಡಿತ ಮಾಡಿದರೆ ಎಂಜಿನ್ ಕಾಯ್ದು ಏರಿನಲ್ಲಿ ಸೋಲುತ್ತದೆ. ಎತ್ತರದ ಪರಿಣಾಮ ಇದಕ್ಕೆ ವಿರುದ್ಧ: ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಬೈಕು ಮಡಿಕೇರಿಯಲ್ಲಿ ಗಾಳಿ ತೆಳುವಾಗಿರುವ ಕಾರಣ ಸ್ವಲ್ಪ ಹೆಚ್ಚು ಪೆಟ್ರೋಲ್ ಬಳಸುತ್ತದೆ. ಬೈಕು ಕಾಯಂ ಆಗಿ ಊರು ಬದಲಿಸಿದ್ದರೆ ಮಾತ್ರ ಹೊಸದಾಗಿ ಟ್ಯೂನ್ ಮಾಡಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಮೊದಲು ಹೇಳಿದ ರೀತಿಯಲ್ಲೇ ಅಳೆದು ಬರೆದಿಡಿ. ಫಿಲ್ಟರ್, ಪ್ಲಗ್, ಸೂಜಿ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿ ಹೋಗುವವರು ಕಾಕ್ ಆಫ್ ಮಾಡಿ, ಡ್ರೈನ್ ಸ್ಕ್ರೂ ಬಿಚ್ಚಿ ಬಟ್ಟಲನ್ನು ಖಾಲಿ ಮಾಡಿಡಬೇಕು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಟ್ಟಲಿನಲ್ಲೇ ಉಳಿದ ಪೆಟ್ರೋಲ್ ಆರಿಹೋಗುವ ಹೊತ್ತಿಗೆ ಪೈಲಟ್ ಜೆಟ್ಟಿನಲ್ಲಿ ಅಂಟು, ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ.